ಮುಚ್ಚಳದ ಮೇಲೊಂದು ಹೆಸರು, ಒಳಗೆ ಹತ್ತಾರು

2006ರ ಆಗಸ್ಟ್‌ನಲ್ಲಿ ಡೆಲ್ ಕಂಪನಿ ತಾನು ಮಾರಿದ್ದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸು ಪಡೆಯುವುದಾಗಿ ಪ್ರಕಟಿಸಿತು. ಬ್ಯಾಟರಿ ಕಾದು ಹೊತ್ತಿಕೊಳ್ಳುವ ಅಪಾಯವಿತ್ತು. ಪ್ರತಿಸ್ಪರ್ಧಿಗಳು ಒಳಗೊಳಗೇ ಹಿಗ್ಗಬೇಕಾದ ಹೊತ್ತು ಅದು. ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ಆ್ಯಪಲ್ ಕೂಡ 18 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಯಿತು. ಸೆಪ್ಟೆಂಬರ್‌ನಲ್ಲಿ ಲೆನೊವೊದ ಥಿಂಕ್‌ಪ್ಯಾಡ್‌ಗಳ ಸರದಿ ಬಂತು, ಐದು ಲಕ್ಷಕ್ಕೂ ಹೆಚ್ಚು. ಬೆನ್ನಿಗೇ ತೊಷಿಬಾ, ಫುಜಿತ್ಸು ಸಾಲಿನಲ್ಲಿ ನಿಂತವು. ಕೊನೆಗೆ ಲೆಕ್ಕ 96 ಲಕ್ಷದ ಹತ್ತಿರ ಬಂದು ನಿಂತಿತು. ಇಷ್ಟೂ ಬ್ಯಾಟರಿಗಳ ಒಳಗಿದ್ದ ಸೆಲ್‌ಗಳು ಸೋನಿಯವು. ತಯಾರಿಕೆಯ ವೇಳೆ ಸೆಲ್‌ನೊಳಗೆ ಸೇರಿಕೊಂಡ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಚೂರುಗಳು ಶಾರ್ಟ್ ಸರ್ಕ್ಯೂಟ್‌ಗೆ ಕಾರಣವಾಗಿದ್ದವು. ಅಂಗಡಿಯಲ್ಲಿ ಅಕ್ಕಪಕ್ಕ ಕೂತು ಒಂದನ್ನೊಂದು ಹೀಗಳೆಯುತ್ತಿದ್ದ ಹೆಸರುಗಳೆಲ್ಲ ಒಂದೇ ಸೆಲ್‌ನ ಗಿರಾಕಿಗಳು ಎಂಬುದು ಬೆಂಕಿ ಹತ್ತಿಕೊಂಡ ಮೇಲಷ್ಟೇ ಸಾಮಾನ್ಯ ಗ್ರಾಹಕನಿಗೆ ತಿಳಿಯಿತು.

ಎರಡು ವರ್ಷದ ನಂತರ ಇದೇ ಕತೆ ಇನ್ನೊಂದು ಬಿಡಿಭಾಗದಲ್ಲಿ ನಡೆಯಿತು. 2008ರ ಜುಲೈನಲ್ಲಿ ಗ್ರಾಫಿಕ್ಸ್ ಚಿಪ್ ವಿನ್ಯಾಸ ಮಾಡುವ ಎನ್ವಿಡಿಯಾ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ನಿರೀಕ್ಷೆಗೂ ಮೀರಿ ಕೆಡುತ್ತಿವೆ ಎಂದು ಒಪ್ಪಿಕೊಂಡು, ಅದಕ್ಕಾಗಿ 15ರಿಂದ 20 ಕೋಟಿ ಡಾಲರ್ ಎತ್ತಿಡುವುದಾಗಿ ಹೇಳಿತು. ಕೆಟ್ಟ ಯಂತ್ರಗಳ ಮೇಲೆ ಡೆಲ್, ಎಚ್‌ಪಿ, ಆ್ಯಪಲ್ ಹೆಸರುಗಳಿದ್ದವು. ಈ ಎರಡು ಪ್ರಸಂಗಗಳಿಂದ ಹೊರಡುವ ವಾದ ಹೀಗಿದೆ: ಲ್ಯಾಪ್‌ಟಾಪ್ ಲೋಕದಲ್ಲಿ ಬ್ರ್ಯಾಂಡ್ ಎಂದರೆ ಮುಖ್ಯವಾಗಿ ಆಯ್ಕೆ ಮಾಡುವವನು. ಯಾವ ಚಿಪ್, ಯಾರ ಪರದೆ, ಎಷ್ಟು ದೊಡ್ಡ ಬ್ಯಾಟರಿ, ಎಷ್ಟು ಬಲದ ಫ್ಯಾನ್ ಎಂದು ಅವನು ನಿರ್ಧರಿಸುತ್ತಾನೆ. ಆ ನಿರ್ಧಾರವನ್ನು ಪ್ರತಿಯೊಂದು ಬೆಲೆಗೂ ಬೇರೆ ಬೇರೆಯಾಗಿ ಮಾಡುತ್ತಾನೆ. ಹಾಗಾಗಿ ಒಂದು ಬ್ರ್ಯಾಂಡ್‌ನ ಅಗ್ಗದ ಮತ್ತು ದುಬಾರಿ ಮಾದರಿಗಳ ನಡುವಿನ ಅಂತರ, ಒಂದೇ ಬೆಲೆಯ ಎರಡು ಬ್ರ್ಯಾಂಡ್‌ಗಳ ನಡುವಿನ ಅಂತರಕ್ಕಿಂತ ಸಾಮಾನ್ಯವಾಗಿ ದೊಡ್ಡದು. ‘ಆ ಕಂಪನಿಯದು ಒಳ್ಳೆಯದಾ, ಈ ಕಂಪನಿಯದಾ’ ಎಂದು ಕೇಳುವವರು ಉತ್ತರವೇ ಇಲ್ಲದ ಕಡೆ ಹುಡುಕುತ್ತಿರುತ್ತಾರೆ.

ಮೊದಲು ಜೋಡಣೆಯ ಮಾತು. ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್, ಪೆಗಾಟ್ರಾನ್ ಎಂಬ ಹೆಸರುಗಳನ್ನು ಹೊತ್ತ ಲ್ಯಾಪ್‌ಟಾಪ್ ಯಾರ ಮನೆಯಲ್ಲೂ ಇರುವುದಿಲ್ಲ, ಆದರೆ ಲ್ಯಾಪ್‌ಟಾಪ್ ಇರುವ ಹೆಚ್ಚಿನ ಮನೆಗಳಲ್ಲಿ ಇವರಲ್ಲೊಬ್ಬರ ಕೈಕೆಲಸವಿದೆ. ಇವೆಲ್ಲ ತೈವಾನ್ ಕಂಪನಿಗಳು. ಕಾರ್ಖಾನೆಗಳು ಬಹುಕಾಲದಿಂದ ಚೀನಾದ ಕುನ್‌ಷಾನ್, ಚೊಂಗ್‌ಚಿಂಗ್‌ನಂಥ ಊರುಗಳಲ್ಲಿವೆ, ಈಚೆಗೆ ವಿಯೆಟ್ನಾಂನತ್ತಲೂ ಹರಡುತ್ತಿವೆ. ಉದ್ಯಮದ ಭಾಷೆಯಲ್ಲಿ ಇವರನ್ನು ಒಡಿಎಂ ಎನ್ನುತ್ತಾರೆ. ವಿನ್ಯಾಸದ ಬಹುಭಾಗವನ್ನೂ ತಾವೇ ಮಾಡಿ, ತಯಾರಿಸಿ, ಬೇರೆಯವರ ಹೆಸರು ಅಂಟಿಸಿ ಕಳಿಸುವವರು. ಏಸರ್ ತನ್ನ ತಯಾರಿಕಾ ವಿಭಾಗವನ್ನು ಬೇರ್ಪಡಿಸಿದಾಗ ಹುಟ್ಟಿದ್ದು ವಿಸ್ಟ್ರಾನ್. ಏಸಸ್ ಹಾಗೆಯೇ ಮಾಡಿದಾಗ ಹುಟ್ಟಿದ್ದು ಪೆಗಾಟ್ರಾನ್. ವಿಸ್ಟ್ರಾನ್ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದುದು ಇದೇ ಕಂಪನಿ, 2023ರಲ್ಲಿ ಆ ಘಟಕವನ್ನು ಟಾಟಾ ಕೊಂಡುಕೊಂಡಿತು. ಅಷ್ಟು ದೊಡ್ಡ ಕೆಲಸ ಮಾಡುವ ಕಂಪನಿಗಳು ಯಾಕೆ ತಮ್ಮ ಹೆಸರನ್ನು ಮುಚ್ಚಳದ ಮೇಲೆ ಹಾಕಿಕೊಳ್ಳುವುದಿಲ್ಲ ಎಂಬುದಕ್ಕೆ ಏಸರ್ ಸ್ಥಾಪಕ ಸ್ಟ್ಯಾನ್ ಶಿ 1992ರಲ್ಲೇ ಒಂದು ಚಿತ್ರ ಬರೆದು ತೋರಿಸಿದ್ದರು. ನಗುವ ಬಾಯಿಯ ಆಕಾರದ ಗೆರೆ ಅದು. ಎಡತುದಿಯಲ್ಲಿ ಚಿಪ್‌ನಂಥ ಮೂಲ ತಂತ್ರಜ್ಞಾನ, ಬಲತುದಿಯಲ್ಲಿ ಬ್ರ್ಯಾಂಡ್ ಮತ್ತು ಮಾರಾಟ, ಎರಡೂ ಕಡೆ ಲಾಭ ಎತ್ತರದಲ್ಲಿದೆ. ನಡುವಿನ ತಗ್ಗಿನಲ್ಲಿ ಜೋಡಣೆ. ಮೂರು ದಶಕ ಕಳೆದರೂ ಆ ಗೆರೆ ಹೆಚ್ಚು ಬದಲಾಗಿಲ್ಲ.

ಬಲತುದಿಯ ಲಾಭ ಎಷ್ಟು ಆಕರ್ಷಕವೆಂದರೆ ಹೆಸರೊಂದನ್ನೇ ಬಾಡಿಗೆಗೆ ಕೊಡುವ ವ್ಯವಹಾರವೂ ಬೆಳೆದಿದೆ. ಸೋನಿ 2014ರಲ್ಲಿ ವಾಯೊ ವ್ಯವಹಾರವನ್ನು ಮಾರಿತು. 2021ರಲ್ಲಿ ಆ ಹೆಸರು ಭಾರತಕ್ಕೆ ಮರಳಿದಾಗ ತಂದದ್ದು ಹಾಂಕಾಂಗ್‌ನ ಕಂಪನಿಯೊಂದು, ಪರವಾನಗಿಯ ಮೇಲೆ. 2020ರ ಕೊನೆಯಲ್ಲಿ ಫ್ಲಿಪ್‌ಕಾರ್ಟ್ ‘ನೋಕಿಯಾ’ ಲ್ಯಾಪ್‌ಟಾಪ್ ಮಾರಿದ್ದು ಇದೇ ಬಗೆಯ ಏರ್ಪಾಡಿನಲ್ಲಿ. ತೊಷಿಬಾದ ಲ್ಯಾಪ್‌ಟಾಪ್ ವಿಭಾಗ 2018ರಲ್ಲಿ ಶಾರ್ಪ್ ಕೈಸೇರಿ ಡೈನಬುಕ್ ಆಯಿತು. ಆ ಶಾರ್ಪ್ ಅಷ್ಟರಲ್ಲಾಗಲೇ ಫಾಕ್ಸ್‌ಕಾನ್‌ನ ಹಿಡಿತದಲ್ಲಿತ್ತು. ತೈವಾನ್‌ನ ಕ್ಲೆವೊ ತಯಾರಿಸುವ ಒಂದೇ ದೇಹ ಅಮೆರಿಕದಲ್ಲಿ ಒಂದು ಹೆಸರು, ಜರ್ಮನಿಯಲ್ಲಿ ಇನ್ನೊಂದು ಹೆಸರು ಹೊತ್ತು ಮಾರಾಟವಾಗುತ್ತದೆ. ಹೆಸರಿಗೂ ದೇಹಕ್ಕೂ ನಡುವಿನ ನಂಟು ಇಷ್ಟು ಸಡಿಲ.

ಇನ್ನು ಯಂತ್ರದ ಮಿದುಳಾದ ಪ್ರೊಸೆಸರ್. ಗೊಂದಲ ಹೆಚ್ಚು ಇರುವುದು ಇಲ್ಲೇ, ಮತ್ತು ಗೊಂದಲ ತಾನಾಗಿ ಆದದ್ದೇನಲ್ಲ. 1991ರಲ್ಲಿ ಇಂಟೆಲ್ ‘ಇಂಟೆಲ್ ಇನ್‌ಸೈಡ್’ ಪ್ರಚಾರ ಶುರುಮಾಡಿ, ಯಂತ್ರದ ಒಳಗಿನ ಬಿಡಿಭಾಗವೊಂದನ್ನು ಗ್ರಾಹಕ ಹೆಸರಿಟ್ಟು ಕೇಳುವಂತೆ ಮಾಡಿತು. ಒಳ್ಳೆಯದೇ. ಆದರೆ ಕೇಳುವವನ ಬಾಯಲ್ಲಿ ಉಳಿದದ್ದು ‘ಐ5’, ‘ಐ7’ ಎಂಬ ಎರಡಕ್ಷರ ಮಾತ್ರ. ಇಂಟೆಲ್‌ನ 12ನೇ ತಲೆಮಾರಿನ ಐ7 ಚಿಪ್‌ಗಳನ್ನೇ ನೋಡಿ. 1255ಯು ಎಂಬುದರಲ್ಲಿ ಎರಡು ದೊಡ್ಡ ಕೋರ್‌ಗಳಿವೆ, 1260ಪಿಯಲ್ಲಿ ನಾಲ್ಕು, 12700ಎಚ್‌ನಲ್ಲಿ ಆರು; ಮೂರರಲ್ಲೂ ಸಣ್ಣ ಕೋರ್‌ಗಳು ಎಂಟೆಂಟು. ಮೂಲ ವಿದ್ಯುತ್ ಮಿತಿ ಕ್ರಮವಾಗಿ 15, 28, 45 ವ್ಯಾಟ್. ಅಂಗಡಿಯ ಚೀಟಿಯಲ್ಲಿ ಮೂರೂ ‘ಐ7, 12ನೇ ಜನರೇಷನ್’. ದೊಡ್ಡ ಅಕ್ಷರದ 7ಕ್ಕಿಂತ ಕೊನೆಯಲ್ಲಿರುವ ಸಣ್ಣ ಯು, ಪಿ, ಎಚ್ ಹೆಚ್ಚು ಸತ್ಯ ಹೇಳುತ್ತದೆ.

ಎಎಂಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ರೈಜನ್ 5 7520ಯು, 7530ಯು, 7540ಯು ಎಂಬ ಮೂವರು ಅವಳಿಗಳಂತೆ ಕಾಣುವ ದಾಯಾದಿಗಳಿದ್ದಾರೆ. ಮೊದಲನೆಯದು ಝೆನ್ 2 ವಿನ್ಯಾಸದ್ದು, ಎರಡನೆಯದು ಝೆನ್ 3, ಮೂರನೆಯದು ಝೆನ್ 4. ಝೆನ್ 2 ಬಂದದ್ದು 2019ರಲ್ಲಿ. ಅಂದರೆ 2022ರಲ್ಲಿ ಹೊಸ ಸಂಖ್ಯೆ ಹೊತ್ತು ಬಂದ 7520ಯು, ನಾಲ್ಕು ಕೋರ್‌ಗಳ ಹಳೆಯ ವಿನ್ಯಾಸ. ಯಾವ ವಿನ್ಯಾಸ ಎಂದು ತಿಳಿಯಲು ಮೂರನೆಯ ಅಂಕಿ ನೋಡಬೇಕು ಎಂದು ಎಎಂಡಿ ತಾನೇ ಚಿತ್ರ ಬಿಡಿಸಿ ವಿವರಿಸಿತ್ತು. ಸುಳ್ಳು ಹೇಳಲಿಲ್ಲ, ನಿಜವನ್ನು ಮೂರನೆಯ ಅಂಕಿಯಲ್ಲಿ ಇಟ್ಟಿತು, ಅಷ್ಟೇ. 2023ರ ಕೊನೆಯಲ್ಲಿ ಇಂಟೆಲ್ ಇದನ್ನು ಲೇವಡಿ ಮಾಡಿ ಪ್ರಚಾರ ಪುಟ ಹೊರತಂದು, ಬೇಗನೇ ಹಿಂತೆಗೆದುಕೊಂಡಿತು. ಹಳೆಯ ವಿನ್ಯಾಸಕ್ಕೆ ಹೊಸ ಸಂಖ್ಯೆ ಕೊಡುವುದರಲ್ಲಿ ಅದೇನೂ ಹಿಂದೆ ಬಿದ್ದಿಲ್ಲವಲ್ಲ. ನಮ್ಮ ವಾದಕ್ಕೆ ಬೇಕಾದದ್ದು ಇಷ್ಟು: ಎಚ್‌ಪಿ, ಏಸರ್, ಲೆನೊವೊ ಯಾರೇ ಇರಲಿ, ಅಗ್ಗದ ಮಾದರಿಯಲ್ಲಿ ಅದೇ 7520ಯು ಸಿಗುತ್ತಿತ್ತು. ಅಲ್ಲಿ ಬ್ರ್ಯಾಂಡ್ ಬದಲಿಸಿದರೆ ವೇಗ ಬದಲಾಗದು. ಅಂಕಿ ಬದಲಿಸಿದರೆ ಬದಲಾಗುತ್ತದೆ.

ಚಿಪ್‌ನ ಮೇಲಿನ ಹೆಸರೂ ತಯಾರಕನದ್ದಾಗಿರಬೇಕಿಲ್ಲ. ಎಎಂಡಿ 2009ರಲ್ಲೇ ತನ್ನ ಕಾರ್ಖಾನೆಗಳನ್ನು ಕಳಚಿಕೊಂಡಿತು. ಈಗ ಅದರ ಮುಖ್ಯ ಚಿಪ್‌ಗಳು ತಯಾರಾಗುವುದು ತೈವಾನ್‌ನ ಟಿಎಸ್‌ಎಂಸಿಯಲ್ಲಿ. ಆ ಕಾರ್ಖಾನೆಯಲ್ಲಿ ಅತಿಸೂಕ್ಷ್ಮ ಗೆರೆಗಳನ್ನು ಮೂಡಿಸುವ ಯಂತ್ರ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್‌ನದು. 13.5 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಬಳಸುವ ಆ ಯಂತ್ರವನ್ನು ಜಗತ್ತಿನಲ್ಲಿ ಮಾರುವ ಕಂಪನಿ ಅದೊಂದೇ, ಅದರೊಳಗಿನ ಕನ್ನಡಿಗಳು ಜರ್ಮನಿಯ ಝೈಸ್‌ನವು. ವಿನ್ಯಾಸದ ಕೊಂಡಿಯೊಂದು ನಮ್ಮಲ್ಲಿಗೂ ತಲುಪುತ್ತದೆ: ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಇಂಟೆಲ್‌ನ ಎಂಜಿನಿಯರುಗಳೂ ಇಲ್ಲಿ ಸಾವಿರಗಟ್ಟಲೆ ಇದ್ದಾರೆ.

ಮೆಮೊರಿಯ ವಿಚಾರ ಸರಳ. ರ‍್ಯಾಮ್ ಚಿಪ್‌ಗಳ ಜಾಗತಿಕ ಮಾರುಕಟ್ಟೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರ ಕೈಯಲ್ಲಿದೆ. ಮೆಮೊರಿ ಪಟ್ಟಿಯ ಮೇಲೆ ಯಾರ ಸ್ಟಿಕರ್ ಇದ್ದರೂ ಕರಿಯ ಚೌಕಗಳು ಸಾಮಾನ್ಯವಾಗಿ ಇವರಲ್ಲೊಬ್ಬರವು. ಹೀಗಾಗಿ ಬೆಲೆ ಏರಿದರೆ ಎಲ್ಲರಿಗೂ ಒಟ್ಟಿಗೇ ಏರುತ್ತದೆ. ಎಐ ಸರ್ವರ್‌ಗಳ ಬೇಡಿಕೆಯಿಂದ ಚಿಪ್‌ಗಳು ತುಟ್ಟಿಯಾದಾಗ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ, ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ಎಂಬ ತನ್ನ ಹೆಸರನ್ನೇ ನಿಲ್ಲಿಸುವುದಾಗಿ ಘೋಷಿಸಿತು. 2011ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ನೆರೆ ಬಂದು ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆ ಮುಳುಗಿದಾಗಲೂ ಹಾಗೆಯೇ ಆಗಿತ್ತು. ಹಾರ್ಡ್ ಡಿಸ್ಕ್ ಬೆಲೆ ಲೋಕವೆಲ್ಲ ಏರಿತು, ಯಾವ ಬ್ರ್ಯಾಂಡೂ ತಪ್ಪಿಸಿಕೊಳ್ಳಲಿಲ್ಲ. ಬ್ರ್ಯಾಂಡ್‌ನ ಕೈಯಲ್ಲಿ ಉಳಿಯುವುದು ಬೇರೆ ಆಯ್ಕೆ: 16 ಜಿಬಿಯನ್ನು ಒಂದೇ ಪಟ್ಟಿಯಲ್ಲಿ ಕೊಡುವುದೋ, ಎಂಟೆಂಟರ ಎರಡರಲ್ಲೋ. ಎರಡಿದ್ದರೆ ಪ್ರೊಸೆಸರ್‌ಗೆ ದತ್ತಾಂಶ ಎರಡು ದಾರಿಯಲ್ಲಿ ಹರಿಯುತ್ತದೆ, ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಯಂತ್ರಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ಬರಹ, ‘16 ಜಿಬಿ ರ‍್ಯಾಮ್’.

ಪರದೆಯ ವಿಷಯದಲ್ಲಿ ಆಯ್ಕೆಯ ಆಟ ಇನ್ನೂ ಬಿಚ್ಚಾಗಿ ಕಾಣುತ್ತದೆ. ಲ್ಯಾಪ್‌ಟಾಪ್ ಪ್ಯಾನೆಲ್ ಮಾಡುವವರು ಚೀನಾದ ಬಿಒಇ, ತೈವಾನ್‌ನ ಎಯುಒ ಮತ್ತು ಇನೊಲಕ್ಸ್, ಕೊರಿಯಾದ ಎಲ್‌ಜಿ ಡಿಸ್‌ಪ್ಲೇ ಮುಂತಾದ ಕೆಲವರು. ಒಎಲ್‌ಇಡಿ ಬೇಕೆಂದರೆ ಹೆಚ್ಚಾಗಿ ಸ್ಯಾಮ್‌ಸಂಗ್ ಡಿಸ್‌ಪ್ಲೇ. ಲಕ್ಷಗಟ್ಟಲೆ ಯಂತ್ರ ಮಾಡುವ ಬ್ರ್ಯಾಂಡ್ ಒಬ್ಬನನ್ನೇ ನೆಚ್ಚಿ ಕೂರುವುದಿಲ್ಲ. ಒಂದೇ ಮಾದರಿಗೆ ಇಬ್ಬರು ಮೂವರಿಂದ ಪ್ಯಾನೆಲ್ ತರಿಸುತ್ತದೆ. ಪೂರೈಕೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬೆಲೆ ಕೊಟ್ಟು ಒಂದೇ ಮಾದರಿ ಕೊಂಡ ಇಬ್ಬರ ಪರದೆಗಳು ಬಣ್ಣದಲ್ಲಿ, ಹೊಳಪಿನಲ್ಲಿ ಬೇರೆಯಾಗಿರಬಹುದು. ಬಳಕೆದಾರರು ಇದನ್ನು ಪ್ಯಾನೆಲ್ ಲಾಟರಿ ಎಂದು ಕರೆಯುತ್ತಾರೆ. ಟಿಕೆಟ್ ಕೊಂಡಿದ್ದೇವೆ ಎಂದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಅಗ್ಗದ ಮಾದರಿಗಳ ವಿವರಪಟ್ಟಿಯಲ್ಲಿ ‘250 ನಿಟ್ಸ್, 45% ಎನ್‌ಟಿಎಸ್‌ಸಿ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಕಿಟಕಿಯ ಪಕ್ಕ ಕೂತರೆ ಮಂಕಾಗಿ ಕಾಣುವ, ಕೆಂಪು ಇಟ್ಟಿಗೆ ಬಣ್ಣವಾಗುವ ಪರದೆ ಎಂದು ಅದರ ಅರ್ಥ. ಪ್ರೊಸೆಸರ್ ಬಗ್ಗೆ ಹತ್ತು ಪ್ರಶ್ನೆ ಕೇಳುವವರು ದಿನಕ್ಕೆ ಎಂಟು ಗಂಟೆ ನೆಟ್ಟ ನೋಟದಿಂದ ನೋಡಬೇಕಾದ ಭಾಗದ ಬಗ್ಗೆ ‘ಫುಲ್ ಎಚ್‌ಡಿ ತಾನೇ?’ ಎಂದಷ್ಟೇ ಕೇಳಿ ಸುಮ್ಮನಾಗುವುದು ವಿಚಿತ್ರ. ಪ್ಯಾನೆಲ್‌ನ ತಯಾರಕನನ್ನು ತಿಳಿಸುವ ಮೂರಕ್ಷರದ ಗುರುತು ಪರದೆಯ ಒಳಗಿನ ಮೆಮೊರಿಯಲ್ಲೇ ಬರೆದಿರುತ್ತದೆ. ಉಚಿತವಾಗಿ ಸಿಗುವ ಸಣ್ಣ ಸಾಫ್ಟ್‌ವೇರ್ ಅದನ್ನು ಓದಿ ಹೇಳುತ್ತದೆ. ಅಂದರೆ ಇದು ಗುಟ್ಟೇನಲ್ಲ, ಪೆಟ್ಟಿಗೆಯ ಮೇಲೆ ಬರೆಯದಿರುವ ಸಂಗತಿ ಅಷ್ಟೇ.

ಉಳಿದ ಭಾಗಗಳೂ ಹೀಗೆಯೇ ಹಂಚಿಹೋಗಿವೆ. ಕೀಬೋರ್ಡ್ ಚಿಕೋನಿಯದೋ ಡಾರ್ಫಾನ್‌ನದೋ, ಟಚ್‌ಪ್ಯಾಡ್ ಸಿನಾಪ್ಟಿಕ್ಸ್ ಅಥವಾ ಇಲಾನ್‌ನದು, ಧ್ವನಿಯ ಚಿಪ್ ಬಹುತೇಕ ರಿಯಲ್‌ಟೆಕ್. ಬಟನ್ ಒತ್ತಿದೊಡನೆ ವಿಂಡೋಸ್‌ಗಿಂತ ಮುಂಚೆ ಏಳುವ ಬಯಾಸ್ ಸಾಫ್ಟ್‌ವೇರ್ ಕೂಡ ಹೆಚ್ಚಾಗಿ ಇನ್‌ಸೈಡ್, ಎಎಂಐ, ಫೀನಿಕ್ಸ್ ಎಂಬ ಮೂರು ಕಂಪನಿಗಳ ಅಡಿಪಾಯದ ಮೇಲೆ ಕಟ್ಟಿದ್ದು. ಅದರ ಪರಿಣಾಮ 2023ರ ಡಿಸೆಂಬರ್‌ನಲ್ಲಿ ಕಂಡಿತು. ಬೈನಾರ್ಲಿ ಎಂಬ ಭದ್ರತಾ ಸಂಸ್ಥೆ ‘ಲೋಗೊಫೇಲ್’ ಎಂಬ ದೋಷಗಳ ಗುಚ್ಛವನ್ನು ಬಯಲಿಗಿಟ್ಟಿತು. ಯಂತ್ರ ಶುರುವಾಗುವಾಗ ತೆರೆಯ ಮೇಲೆ ಮೂಡುವ ಬ್ರ್ಯಾಂಡ್‌ನ ಲಾಂಛನವನ್ನು ಓದುವ ಸಾಫ್ಟ್‌ವೇರ್ ತುಣುಕಿನಲ್ಲೇ ದೋಷವಿತ್ತು, ಮತ್ತು ಅದು ಆ ಮೂರೂ ಕಂಪನಿಗಳ ಬಯಾಸ್‌ನಲ್ಲಿದ್ದುದರಿಂದ ಹಲವು ಬ್ರ್ಯಾಂಡ್‌ಗಳ ಯಂತ್ರಗಳಿಗೆ ಅನ್ವಯಿಸುತ್ತಿತ್ತು. ತಮ್ಮ ಹೆಸರನ್ನು ತೋರಿಸುವ ಕೆಲಸವನ್ನೂ ಬ್ರ್ಯಾಂಡ್‌ಗಳು ಹೊರಗಿನಿಂದ ತರಿಸಿಕೊಂಡಿದ್ದವು ಎಂಬುದು ಇದರಲ್ಲಿರುವ ತಮಾಷೆ.

ಇಷ್ಟು ಹೇಳಿದ ಮೇಲೆ ಏಳುವ ಆಕ್ಷೇಪ ಸಹಜವಾದದ್ದು, ತೂಕದ್ದೂ ಹೌದು: ಎಲ್ಲರ ಒಳಗೂ ಅದೇ ಸರಕಾದರೆ ಬ್ರ್ಯಾಂಡ್ ಎಂಬುದಕ್ಕೆ ಬೆಲೆಯೇ ಇಲ್ಲವೇ? ಇದೆ. ಒಂದೇ ಅಂಗಡಿಯ ತೊಗರಿಬೇಳೆ ತಂದರೂ ಎರಡು ಮನೆಯ ಸಾರು ಒಂದೇ ರುಚಿ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಒಲೆಯ ಉರಿ ಎಂದರೆ ವಿದ್ಯುತ್ ಮಿತಿ. ಪ್ರೊಸೆಸರ್ ಎಷ್ಟು ವ್ಯಾಟ್ ಎಳೆದುಕೊಳ್ಳಬಹುದು, ಎಷ್ಟು ಹೊತ್ತು ಎಳೆದುಕೊಳ್ಳಬಹುದು ಎಂಬುದನ್ನು ಬ್ರ್ಯಾಂಡ್ ಬಯಾಸ್‌ನಲ್ಲಿ ನಿಗದಿ ಮಾಡುತ್ತದೆ. ಮೇಲೆ ಹೇಳಿದ 1255ಯುನ ಮೂಲ ಮಿತಿ 15 ವ್ಯಾಟ್, ಚುರುಕಾಗಿ ಓಡುವಾಗಿನ ಗರಿಷ್ಠ ಮಿತಿ 55 ವ್ಯಾಟ್. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದು ಶಾಖವನ್ನು ಹೊರಹಾಕುವ ತಾಮ್ರದ ಕೊಳವೆ, ಫ್ಯಾನ್, ಗಾಳಿಕಿಂಡಿಗಳ ಮೇಲೆ ನಿಂತಿದೆ. ತೆಳ್ಳಗಿನ ದೇಹಕ್ಕೆ ಒಂದೇ ಸಣ್ಣ ಫ್ಯಾನ್ ಇಟ್ಟರೆ ಚಿಪ್ ಮೊದಲ ಕೆಲವು ಕ್ಷಣ ಓಡಿ ಆಮೇಲೆ ಏದುಸಿರು ಬಿಡುತ್ತದೆ. ಗ್ರಾಫಿಕ್ಸ್ ಚಿಪ್‌ನಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಎನ್ವಿಡಿಯಾದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಚಿಪ್‌ಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟನ್ನಾದರೂ ಕೊಡಲು ತಯಾರಕರಿಗೆ ಅವಕಾಶವಿದೆ. 35ರಲ್ಲಿ ಓಡುವುದನ್ನೂ 115ರಲ್ಲಿ ಓಡುವುದನ್ನೂ ಒಂದೇ ಹೆಸರಿನಿಂದ ಕರೆಯುವುದು ಗ್ರಾಹಕನ ಮಟ್ಟಿಗೆ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಬ್ರ್ಯಾಂಡ್‌ನ ಕೌಶಲ ನಿಜ. ಆದರೆ ಆ ಕೌಶಲ ಅದರ ಎಲ್ಲ ಮಾದರಿಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಮತ್ತು ವಾದ ಮತ್ತೆ ಗಟ್ಟಿಯಾಗುವುದು ಇಲ್ಲಿಯೇ. ಲೆನೊವೊ 2005ರಲ್ಲಿ ಐಬಿಎಂನಿಂದ ಕೊಂಡ ಥಿಂಕ್‌ಪ್ಯಾಡ್ ಕಚೇರಿ ಬಳಕೆಗೆಂದು ಬೆಳೆದ ಸರಣಿ. ಪ್ರತಿ ಮಾದರಿಗೂ ಯಾವ ಸ್ಕ್ರೂ ಮೊದಲು ಬಿಚ್ಚಬೇಕೆಂದು ಹೇಳುವ ರಿಪೇರಿ ಕೈಪಿಡಿಯನ್ನು ಕಂಪನಿಯೇ ಯಾರು ಬೇಕಾದರೂ ಓದುವಂತೆ ಬಿಡುಗಡೆ ಮಾಡುತ್ತದೆ. ಅದೇ ಲೆನೊವೊದ ಅಗ್ಗದ ಐಡಿಯಾಪ್ಯಾಡ್‌ನಲ್ಲಿ ದೇಹ ಪ್ಲಾಸ್ಟಿಕ್, ಬ್ಯಾಟರಿ ಸಣ್ಣದು, ಪರದೆ ಮಂಕು. ಡೆಲ್‌ನ ಲ್ಯಾಟಿಟ್ಯೂಡ್‌ಗೂ ಇನ್‌ಸ್ಪಿರಾನ್‌ಗೂ, ಎಚ್‌ಪಿಯ ಎಲೀಟ್‌ಬುಕ್‌ಗೂ ಅದರದೇ ಆರಂಭಿಕ ಮಾದರಿಗಳಿಗೂ ಇದೇ ದೂರ. ‘ನಮ್ಮ ಆಫೀಸಿನಲ್ಲಿ ಈ ಕಂಪನಿಯದೇ, ಆರು ವರ್ಷವಾದರೂ ಏನೂ ಆಗಿಲ್ಲ’ ಎಂಬ ಮಾತು ನಂಬಿ ಅದೇ ಹೆಸರಿನ ಅಗ್ಗದ ಯಂತ್ರ ಕೊಳ್ಳುವವರು, ಮೊದಲ ಸರಣಿಯ ಕೀರ್ತಿಗೆ ಎರಡನೆಯ ಸರಣಿಯಲ್ಲಿ ಹಣ ಕೊಡುತ್ತಾರೆ. 2025ರ ಜನವರಿಯಲ್ಲಿ ಡೆಲ್ ಆ ಹಳೆಯ ಸರಣಿ ಹೆಸರುಗಳನ್ನು ಕೈಬಿಟ್ಟು ಬರೀ ‘ಡೆಲ್’, ‘ಡೆಲ್ ಪ್ರೊ’ ಎಂದು ಕರೆಯತೊಡಗಿದ ಮೇಲೆ ಈ ಬೇರೆತನವನ್ನು ಗುರುತಿಸುವುದು ಮತ್ತಷ್ಟು ಕಷ್ಟವಾಯಿತು.

ಆ್ಯಪಲ್ ಇದಕ್ಕೆ ಅಪವಾದವಲ್ಲವೇ ಎಂದು ಕೇಳಬಹುದು. ಅರ್ಧ ಹೌದು. 2020ರ ನವೆಂಬರ್‌ನಲ್ಲಿ ಎಂ1 ಚಿಪ್ ತಂದಾಗ ಅದು ಇಂಟೆಲ್‌ನಿಂದ ಬಿಡಿಸಿಕೊಂಡು, ಚಿಪ್‌ನಿಂದ ಸಾಫ್ಟ್‌ವೇರ್‌ವರೆಗೆ ತಾನೇ ರೂಪಿಸುವ ದಾರಿ ಹಿಡಿಯಿತು. ಬ್ಯಾಟರಿಯ ಬಾಳಿಕೆಯಲ್ಲಿ ಅದರ ಫಲ ಎಲ್ಲರಿಗೂ ಕಂಡಿತು. ಆದರೂ ಆ ಚಿಪ್‌ಗೆ ಆಧಾರ ಬ್ರಿಟನ್‌ನ ಆರ್ಮ್ ರೂಪಿಸಿದ ಆದೇಶಗಳ ಗುಂಪು, ಅಚ್ಚಾಗುವುದು ಟಿಎಸ್‌ಎಂಸಿಯಲ್ಲಿ, ಯಂತ್ರ ಜೋಡಿಸುವವರು ಕ್ವಾಂಟಾ ಮತ್ತು ಫಾಕ್ಸ್‌ಕಾನ್. ಮಾದರಿಗಳ ನಡುವಿನ ಆಯ್ಕೆಯ ಆಟ ಇಲ್ಲೂ ಉಂಟು. 2022ರ ಎಂ2 ಮ್ಯಾಕ್‌ಬುಕ್ ಏರ್‌ನ 256 ಜಿಬಿ ಆವೃತ್ತಿಯಲ್ಲಿ ಆ್ಯಪಲ್ ಎರಡರ ಬದಲು ಒಂದೇ ಸಂಗ್ರಹ ಚಿಪ್ ಇಟ್ಟಿತು. ಪರಿಣಾಮವಾಗಿ ಹಿಂದಿನ ಎಂ1 ಮಾದರಿಗಿಂತ ಹೊಸದರ ಸಂಗ್ರಹ ನಿಧಾನವಾಯಿತು, ಓದುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮುಂದಿನ ಎಂ3ರಲ್ಲಿ ಮತ್ತೆ ಎರಡು ಚಿಪ್ ಬಂದವು. ಜಗತ್ತಿನ ಅತ್ಯಂತ ಬಿಗಿಯಾದ ಬ್ರ್ಯಾಂಡ್‌ನಲ್ಲೂ ಅಂತಿಮ ಮಾತು ಬಿಡಿಭಾಗದ ಎಣಿಕೆಯದೇ.

ಇನ್ನೊಂದು ಆಕ್ಷೇಪವನ್ನು ನಾನು ಹೆಚ್ಚು ಗೌರವಿಸುತ್ತೇನೆ. ಮಗಳ ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಳ್ಳುವ ತಂದೆಗೆ ಯು, ಪಿ, ಎಚ್, ನಿಟ್ಸ್ ಎಂದೆಲ್ಲ ಓದುವ ವ್ಯವಧಾನ ಎಲ್ಲಿದೆ? ಅವರಿಗೆ ಬ್ರ್ಯಾಂಡ್ ಒಂದು ನಂಬಿಕೆಯ ಆಸರೆ. ಅದನ್ನು ಕಿತ್ತುಕೊಂಡರೆ ಉಳಿಯುವುದೇನು? ಒಪ್ಪುವ ಮಾತು, ಆದರೆ ನಂಬಿಕೆ ಯಾವುದರ ಮೇಲೆ ಎಂದು ಬಿಡಿಸಿ ನೋಡಬೇಕು. ಯಾದಗಿರಿಯಲ್ಲೋ ಕುಂದಾಪುರದಲ್ಲೋ ಇರುವವರಿಗೆ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ, ರಿಪೇರಿಯವನು ಮನೆಗೇ ಬರುತ್ತಾನೋ ಯಂತ್ರವನ್ನು ಕೊರಿಯರ್ ಮಾಡಬೇಕೋ, ಮೂರು ವರ್ಷದ ನಂತರ ಬ್ಯಾಟರಿ ಸಿಗುತ್ತದೋ ಎಂಬುದೆಲ್ಲ ನಿಜಕ್ಕೂ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೇರೆಯಾಗುವ ಸಂಗತಿ. ಸೇವೆಗಾಗಿ ಹೆಸರು ನೋಡುವುದು ಸರಿ. ವೇಗ, ಪರದೆ, ಬಾಳಿಕೆಗಳಿಗೂ ಅದೇ ಹೆಸರನ್ನು ಜಾಮೀನು ಎಂದು ತಿಳಿಯುವುದರಲ್ಲಿ ಎಡವಟ್ಟಿದೆ.

ಬಾಳಿಕೆಯ ಮಾತು ಬಂದಾಗ ಬೆಸುಗೆಯ ಮಾತೂ ಬರಬೇಕು. ಮೊದಲು ರ‍್ಯಾಮ್ ಪಟ್ಟಿಯನ್ನು ಸ್ಲಾಟ್‌ನಿಂದ ಕಳಚಿ ದೊಡ್ಡದನ್ನು ಹಾಕಬಹುದಿತ್ತು. ಈಗ ತೆಳ್ಳಗಿನ ಯಂತ್ರಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ತಂತಿದಾರಿ ಚಿಕ್ಕದಾದರೆ ವೇಗ ಹೆಚ್ಚು, ವಿದ್ಯುತ್ ಖರ್ಚು ಕಡಿಮೆ ಎಂಬ ಕಾರಣ ಸುಳ್ಳಲ್ಲ. ಆದರೆ ಒಂದು ಚಿಪ್ ಕೆಟ್ಟರೆ ಇಡೀ ಬೋರ್ಡ್ ಬದಲಿಸಬೇಕು, 8 ಜಿಬಿ ಸಾಲದಾದರೆ ಇಡೀ ಲ್ಯಾಪ್‌ಟಾಪನ್ನೇ. ಬೆಸುಗೆಗೂ ಸ್ಲಾಟಿಗೂ ನಡುವೆ ದಾರಿಯೇ ಇಲ್ಲ ಎನ್ನುತ್ತಿದ್ದ ಉದ್ಯಮವೇ 2024ರಲ್ಲಿ ಎಲ್‌ಪಿಕ್ಯಾಮ್2 ಎಂಬ ಕಳಚಬಹುದಾದ, ವೇಗದ ಮೆಮೊರಿಯನ್ನು ಥಿಂಕ್‌ಪ್ಯಾಡ್ ಪಿ1ರಲ್ಲಿ ಅಳವಡಿಸಿತು. ತಾಂತ್ರಿಕ ಅನಿವಾರ್ಯತೆ ಎಂದು ಹೇಳುತ್ತಿದ್ದುದರಲ್ಲಿ ಒಂದಷ್ಟು ಪಾಲು ವ್ಯಾಪಾರದ ಅನುಕೂಲವೂ ಇತ್ತು ಎಂದು ಊಹಿಸಲು ಇಷ್ಟು ಸಾಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಮಾರುವವರ, ಬೋರ್ಡ್ ರಿಪೇರಿ ಮಾಡುವವರ ಬದುಕು ನಿಂತಿರುವುದೇ ಭಾಗಗಳು ಒಂದಕ್ಕೊಂದು ಹೊಂದುತ್ತವೆ ಎಂಬುದರ ಮೇಲೆ. ಬೆಸುಗೆ ಹೆಚ್ಚಿದಷ್ಟೂ ಅವರ ಕೈಗೆ ಕೆಲಸ ಕಡಿಮೆ, ನಮ್ಮ ಕೈಗೆ ಖರ್ಚು ಹೆಚ್ಚು.

‘ಮೇಡ್ ಇನ್ ಇಂಡಿಯಾ’ ಸ್ಟಿಕರ್ ಈ ಚಿತ್ರವನ್ನು ಬದಲಿಸುತ್ತದೆಯೇ? 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಐಟಿ ಯಂತ್ರಾಂಶ ತಯಾರಿಕೆಗೆ 17,000 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದಿತು. ಆಗಸ್ಟ್ 3ರಂದು ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಕಡ್ಡಾಯ ಎಂದು ಹಠಾತ್ತನೆ ಆದೇಶಿಸಿ, ಗದ್ದಲವಾದ ಮೇಲೆ ಮುಂದೂಡಿ, ಸಡಿಲಗೊಳಿಸಿತು. ಶ್ರೀಪೆರಂಬದೂರು, ಪುದುಚೇರಿಗಳಲ್ಲಿ ಜೋಡಣೆ ನಡೆಯುತ್ತಿದೆ. ಕೆಲಸ ಸಿಗುತ್ತದೆ, ಕಲಿಕೆಯೂ ಆಗುತ್ತದೆ, ಸಂತೋಷವೇ. ಆದರೆ ಜೋಡಣೆ ಎಂಬುದು ಸ್ಟ್ಯಾನ್ ಶಿ ಬರೆದ ಗೆರೆಯ ತಗ್ಗು. ನಮ್ಮದೇ ವಿಪ್ರೊ ಬಹುಕಾಲ ಕಂಪ್ಯೂಟರ್ ಜೋಡಿಸಿ ಮಾರಿ, ಲಾಭ ಉಳಿಯದೆ 2013ರಲ್ಲಿ ಆ ಕೆಲಸ ಕೈಬಿಟ್ಟಿತು. ಗುಜರಾತಿನ ಸಾನಂದದಲ್ಲಿ ಮೈಕ್ರಾನ್‌ನ ಮೆಮೊರಿ ಚಿಪ್ ಪರೀಕ್ಷೆ ಮತ್ತು ಪ್ಯಾಕಿಂಗ್ ಘಟಕ, ಧೋಲೆರಾದಲ್ಲಿ ಟಾಟಾದ ಚಿಪ್ ಕಾರ್ಖಾನೆಯ ಯೋಜನೆ ಇವು ಎಡತುದಿಯ ಕಡೆಗಿನ ಹೆಜ್ಜೆಗಳು. ಅಲ್ಲಿಯವರೆಗೆ ಸ್ಟಿಕರ್ ಹೇಳುವುದು ಸ್ಕ್ರೂ ಎಲ್ಲಿ ಬಿಗಿಯಲಾಯಿತು ಎಂಬುದನ್ನು.

ಕೊಳ್ಳುವವರಿಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಈಗಾಗಲೇ ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ಮೂಲ ದೇಶ, ಗರಿಷ್ಠ ಮಾರಾಟ ಬೆಲೆ ಮುದ್ರಿಸುವುದು ಕಾನೂನಿನಂತೆ ಕಡ್ಡಾಯ. ಅದರ ಜೊತೆಗೆ ಪ್ರೊಸೆಸರ್‌ನ ಪೂರ್ಣ ಸಂಖ್ಯೆ ಮತ್ತು ಅದಕ್ಕೆ ನಿಗದಿ ಮಾಡಿರುವ ವ್ಯಾಟ್, ಪರದೆಯ ಹೊಳಪು ಮತ್ತು ಬಣ್ಣದ ವ್ಯಾಪ್ತಿ, ಬ್ಯಾಟರಿ ಎಷ್ಟು ವ್ಯಾಟ್-ಅವರ್, ಮೆಮೊರಿ ಬೆಸೆದದ್ದೋ ಕಳಚುವಂಥದ್ದೋ ಎಂಬ ನಾಲ್ಕು ಸಾಲು ಸೇರಿಸಿದರೆ ಸಾಕು. ಪೂರೈಕೆದಾರರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಯಾವ ಯಂತ್ರದಲ್ಲಿ ಯಾವ ಭಾಗವಿದೆ ಎಂದು ಪೆಟ್ಟಿಗೆಗೊಂದರಂತೆ ಬರೆಯಲಾಗದು ಎಂದು ಕಂಪನಿಗಳು ಹೇಳಬಹುದು. ಆದರೆ ಅವರ ಬಳಿ ಆ ಮಾಹಿತಿ ಯಂತ್ರಕ್ಕೊಂದರಂತೆ ಈಗಾಗಲೇ ಇದೆ. ಡೆಲ್‌ನ ಸರ್ವಿಸ್ ಟ್ಯಾಗ್, ಲೆನೊವೊ ಮತ್ತು ಎಚ್‌ಪಿಯ ಸೀರಿಯಲ್ ನಂಬರ್‌ಗಳನ್ನು ಆಯಾ ಕಂಪನಿಯ ಸಹಾಯ ಜಾಲತಾಣದಲ್ಲಿ ನಮೂದಿಸಿದರೆ, ಆ ಒಂದು ಯಂತ್ರಕ್ಕೆ ಹಾಕಿದ ಭಾಗಗಳ ಪಟ್ಟಿ ಪಾರ್ಟ್ ನಂಬರ್ ಸಮೇತ ತೆರೆದುಕೊಳ್ಳುತ್ತದೆ. ಸರ್ವಿಸ್ ಸೆಂಟರ್‌ನವರು ಬಿಡಿಭಾಗ ತರಿಸುವುದೂ ಅದನ್ನು ನೋಡಿಯೇ. ಮಾರಾಟದ ಪುಟದಲ್ಲಿ ಇಲ್ಲದ ವಿವರ ರಿಪೇರಿಯ ಪುಟದಲ್ಲಿದೆ. ಸೀರಿಯಲ್ ನಂಬರ್ ಮೊಹರು ಒಡೆಯದ ಪೆಟ್ಟಿಗೆಯ ಹೊರಬದಿಯಲ್ಲೇ ಅಚ್ಚಾಗಿರುವುದರಿಂದ, ಅಂಗಡಿಯ ಕೌಂಟರಿನಲ್ಲಿ ದುಡ್ಡು ಎಣಿಸುವ ಮುಂಚೆ ಅದನ್ನು ಮೊಬೈಲಿನಲ್ಲಿ ಹುಡುಕಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.